ಮರ ಮರದ ಹಾಗೇ ಕಾಣುತ್ತೆ, ಏನು ಮಾಡಲಿ?

ಪ್ರಶ್ನೆ: ಮೇಷ್ಟ್ರೇ, ನನಗೆ 60 ವರ್ಷ. ಮಂಡ್ಯದಲ್ಲಿ ಬ್ಯಾಂಕಿನ ಕೆಲಸ ಮಾಡಿ ನಿವೃತ್ತಳಾದೆ. ಈಗ ಮೈಸೂರಿನಲ್ಲಿ ಮಗಳ ಮನೆ ಹತ್ತಿರ ಇದ್ದೇನೆ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುತ್ತೇನೆ. ಆರು ತಿಂಗಳಿಂದ ವಾಟರ್ ಕಲರ್ ಕಲಿಯುತ್ತಿದ್ದೇನೆ. ಪ್ರಕೃತಿಯೇ ಗುರು, ಋತುಗಳಿಂದ ಬದುಕಿನ ಪಾಠ ಕಲಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೇ ಒಂದು ಡೈರಿ ಇಟ್ಟೆ. 'ಎಲೆ ಉದುರಿದರೂ ಮರ ದುಃಖಿಸುವುದಿಲ್ಲ, ನಾವೂ ಹಾಗೇ ಇರಬೇಕು' ಅಂತೆಲ್ಲ ಬರೆದೆ. ಈಗ ಓದಿದರೆ ವಾಟ್ಸಾಪ್ ಗುಡ್ ಮಾರ್ನಿಂಗ್ ಮೆಸೇಜ್ ಥರ ಇದೆ. ನಿಜ ಹೇಳಲಾ, ನನಗೆ ಮರ ಮರದ ಹಾಗೇ ಕಾಣುತ್ತೆ, ನೀರು ನೀರಿನ ಹಾಗೇ. ಚಿತ್ರಗಳೂ ಕೆಡುತ್ತವೆ. ಮೂರು ಚಿತ್ರದ ಫೋಟೋ ಕಳಿಸಿದ್ದೇನೆ. ನನ್ನಲ್ಲೇ ಏನೋ ಕೊರತೆ ಇದೆಯಾ? ಪ್ರಕೃತಿಯ ಜೊತೆ ಸಾಮರಸ್ಯ ಅನ್ನುತ್ತಾರಲ್ಲ, ಅದು ಸಿಗುವುದು ಹೇಗೆ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದ ಸಾಲು 'ಮರ ಮರದ ಹಾಗೇ ಕಾಣುತ್ತೆ' ಅನ್ನುವುದು. ನಾನು 30 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಮಕ್ಕಳಿಗೆ ಮರ ಮರದ ಹಾಗೆ ಕಾಣಲಿ ಅಂತಲೇ ಅಷ್ಟು ವರ್ಷ ಒದ್ದಾಡಿದೆ. ಮರ ಬರೀರಿ ಅಂದರೆ ಇಡೀ ಕ್ಲಾಸು ಒಂದೇ ಮರ ಬರೆಯುತ್ತಿತ್ತು. ಕೆಳಗೆ ಎರಡು ಗೆರೆ, ಮೇಲೆ ಮೋಡದಂಥ ಒಂದು ಗುಂಡು. ಕಿಟಕಿಯಾಚೆ ದೊಡ್ಡ ಹೊಂಗೆ ಮರ ಇತ್ತು. ಒಬ್ಬರೂ ತಲೆ ಎತ್ತಿ ಅದನ್ನು ನೋಡುತ್ತಿರಲಿಲ್ಲ. ತಲೆಯೊಳಗೇ ರೆಡಿ ಮರ ಇರುವಾಗ ಹೊರಗಿನದು ಯಾಕೆ ಬೇಕು, ಅಲ್ವಾ?

ನಿಮ್ಮ ಡೈರಿಯಲ್ಲಿ ಆಗಿರುವುದೂ ಅದೇ. ನಿಮ್ಮ ಕಣ್ಣು ಸರಿಯಾಗೇ ಇದೆ. ಆದರೆ ಕೈ ರೆಡಿ ಪಾಠ ಬರೆಯುತ್ತಿದೆ. ಎಲೆ ಉದುರಿದರೂ ಮರ ದುಃಖಿಸುವುದಿಲ್ಲ ಅಂದಿರಿ. ಯಾವ ಮರ? ಯಾವತ್ತು? ಎಲೆ ಯಾವ ಬಣ್ಣದಲ್ಲಿತ್ತು? ಆ ಸಾಲು ಬರೆಯಲು ಕೆರೆತನಕ ಹೋಗಬೇಕಾಗೇ ಇರಲಿಲ್ಲ. ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಬರೆಯಬಹುದಿತ್ತು. ಓದಿದಾಗ ನಿಮಗೇ ಸಪ್ಪೆ ಅನ್ನಿಸಿತಲ್ಲ, ಅದು ಒಳ್ಳೆಯ ಲಕ್ಷಣ. ನಾಲಿಗೆ ಕೆಟ್ಟವರಿಗೆ ಸಪ್ಪೆ ಅಂತಲೂ ಗೊತ್ತಾಗುವುದಿಲ್ಲ.

ಸಂಕ್ರಾಂತಿ ಈಗಷ್ಟೇ ಕಳೆದಿದೆ. ಹೊಂಗೆ ಎಲೆ ಉದುರಿಸುವ ಕಾಲ. ಕೆಳಗೆ ಬಿದ್ದ ಒಂದು ಎಲೆ ಎತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಎಷ್ಟೋ ಎಲೆಗಳ ಮೇಲೆ ಅಂಕುಡೊಂಕು ಬಿಳಿ ಗೆರೆ, ಬಿಳಿ ಮಚ್ಚೆ ಕಾಣುತ್ತೆ. ಎಲೆಯ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಒಂದು ಪುಟ್ಟ ಹುಳು ತಿನ್ನುತ್ತಾ ಓಡಾಡಿದ ಜಾಗ ಅದು. ಇನ್ನು ಕೆಲವು ಎಲೆಯ ಮೇಲೆ ಸಣ್ಣ ಸಣ್ಣ ಗುಳ್ಳೆ. ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಒಂದೇ ಒಂದು ಕಲೆಯಿಲ್ಲದ ಹೊಂಗೆ ಎಲೆ ಹುಡುಕಿ ನೋಡಿ, ಸಾಕುಸಾಕಾಗುತ್ತೆ.

ಆಮೇಲೆ ಆ ಹಳದಿ. ಮರ ಎಲೆಯನ್ನು ಹಾಗೇ ಎಸೆಯುವುದಿಲ್ಲ. ಉದುರಿಸುವ ಮುಂಚೆ ಎಲೆಯಲ್ಲಿರುವ ಸತ್ವವನ್ನು, ಮುಖ್ಯವಾಗಿ ಸಾರಜನಕವನ್ನು, ಆದಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತೆ. ಹಸಿರು ಒಡೆದುಹೋಗುತ್ತೆ, ಮೊದಲಿನಿಂದಲೂ ಒಳಗೇ ಇದ್ದ ಹಳದಿ ಆಗ ಕಾಣುತ್ತೆ. ತೊಟ್ಟು ಕಳಚುವ ಕಡೆ ಒಂದು ಪದರ ಕಟ್ಟಿಕೊಳ್ಳುತ್ತೆ. ಬ್ಯಾಂಕಿನಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಲೆನ್ಸ್ ಪೂರ್ತಿ ತೆಗೆದುಕೊಂಡು ಆಮೇಲೆ ಅಕೌಂಟ್ ಮುಚ್ಚುವ ಗಿರಾಕಿ. ದುಃಖ ಇದೆಯೋ ಇಲ್ಲವೋ ಮರವನ್ನೇ ಕೇಳಬೇಕು, ಲೆಕ್ಕ ಮಾತ್ರ ಪಕ್ಕಾ.

ನಾನು ಹೇಳುವುದು ಇಷ್ಟೇ. ಆರು ತಿಂಗಳು ಪಾಠ ಹುಡುಕುವುದನ್ನು ಬಿಟ್ಟುಬಿಡಿ. ಸುಮ್ನೆ ಮಾಹಿತಿ ಬರೆಯಿರಿ. ಒಂದೇ ಮರ ಇಟ್ಟುಕೊಳ್ಳಿ. ಅದೂ ಕೆರೆ ಏರಿಯ ಮೇಲೆ ಎಲ್ಲರೂ ಫೋಟೋ ತೆಗೆಯುವ ಮರ ಬೇಡ, ಯಾರೂ ನಿಂತು ನೋಡದ ಒಂದು ಮರ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಅದು, ನೀರು, ಹಕ್ಕಿ, ಸೂರ್ಯೋದಯ ಎಲ್ಲ ಇದೆ. ಹೊಸಬರಿಗೆ ಅದೇ ತೊಂದರೆ. ಹೆಜ್ಜಾರ್ಲೆ (ಪೆಲಿಕನ್) ಹಿಂಡು ನೀರಿಗಿಳಿಯಿತು ಅಂದರೆ ಹೊಂಗೆ ಎಲೆ ಯಾರಿಗೆ ಬೇಕು? ವಾಕಿಂಗ್ ಬಿಡಿ ಅನ್ನುತ್ತಿಲ್ಲ, ಮೊಣಕಾಲಿಗೆ ಅದು ಬೇಕು. ಸುತ್ತು ಮುಗಿದ ಮೇಲೆ ಹತ್ತು ನಿಮಿಷ ಆ ಮರದ ಎದುರು ಕೂತುಕೊಳ್ಳಿ. ಒಂದು ರೂಲ್ ಇಲ್ಲದ ನೋಟ್‌ಬುಕ್, ಒಂದು ಪೆನ್ಸಿಲ್.

ಮತ್ತೆ, ಕೊಂಬೆ ಬರೆಯಬೇಡಿ. ಕೊಂಬೆಗಳ ನಡುವೆ ಕಾಣುವ ಆಕಾಶದ ತುಂಡುಗಳನ್ನು ಬರೆಯಿರಿ. ಒಂದು ತುಂಡು ಕತ್ತರಿಸಿದ ಪಪ್ಪಾಯಿ ಥರ ಇರುತ್ತೆ, ಇನ್ನೊಂದು ಬಿಸಾಡಿದ ಕಾಲುಚೀಲದ ಥರ. ಆ ತುಂಡುಗಳನ್ನೇ ಪಕ್ಕ ಪಕ್ಕ ಬರೆಯುತ್ತಾ ಹೋದರೆ ನಡುವೆ ಕೊಂಬೆ ತಾನೇ ಉಳಿಯುತ್ತೆ. ಕೊಂಬೆ ಅಂದ ತಕ್ಷಣ ತಲೆ ತನ್ನ ರೆಡಿ ಕೊಂಬೆ ಹಿಡಿದುಕೊಂಡು ಬರುತ್ತೆ. ಖಾಲಿ ಜಾಗಕ್ಕೆ ಅದರ ಹತ್ತಿರ ರೆಡಿ ಆಕಾರ ಇಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡು ಕಣ್ಣಿಗೆ ಜಾಗ ಬಿಡುತ್ತೆ. ಮೊದಲ ವಾರ ಚಿತ್ರ ವಿಕಾರವಾಗಿರುತ್ತೆ. ಯಾರಿಗೂ ತೋರಿಸಬೇಡಿ, ಮಗಳಿಗೂ.

ಡೈರಿಯನ್ನು ತಿಂಗಳ ಲೆಕ್ಕದಲ್ಲಿ ಇಡಬೇಡಿ, ನಕ್ಷತ್ರದ ಲೆಕ್ಕದಲ್ಲಿ ಇಡಿ. ಮಂಡ್ಯದಲ್ಲಿ ಬೆಳೆ ಸಾಲ ಕೊಟ್ಟವರು ನೀವು, ರೈತರ ಬಾಯಲ್ಲಿ ಕೇಳೇ ಇರುತ್ತೀರಿ. ಮೇ ತಿಂಗಳು ಅನ್ನುವುದಿಲ್ಲ ಅವರು, ಕೃತ್ತಿಕೆ ಮಳೆ ಹುಟ್ಟಿತು ಅನ್ನುತ್ತಾರೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ' ಅನ್ನುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ. ನಕ್ಷತ್ರ 27, ಹಾಗಾಗಿ ವರ್ಷಕ್ಕೆ 27 ಪುಟ. ಜನವರಿ 24ರ ಸುಮಾರಿಗೆ ಶ್ರವಣ ಶುರು, ಫೆಬ್ರವರಿ 6ರ ಸುಮಾರಿಗೆ ಧನಿಷ್ಠ. ಭರಣಿ ಬರುವುದು ಏಪ್ರಿಲ್ ಕೊನೆಗೆ. ಭವಿಷ್ಯ ನೋಡುವುದಕ್ಕೆ ಹೇಳುತ್ತಿಲ್ಲ ಇದನ್ನ. ತಿಂಗಳು ಅನ್ನುವುದು ಮರಕ್ಕೆ ತುಂಬಾ ಉದ್ದ. ಹೊಂಗೆ ಒಂದೇ ತಿಂಗಳಲ್ಲಿ ಬೋಳಾಗಿ, ಚಿಗುರಿ, ಹಸಿರಾಗಿಬಿಡುತ್ತೆ. ವಾರ ಅಂದರೆ ತೀರಾ ಗಿಡ್ಡ, ಏನೂ ಆಗಿಲ್ಲ ಅಂತ ಬೇಜಾರಾಗುತ್ತೆ. ಹದಿನಾಲ್ಕು ದಿನ ಸರಿಯಾದ ಅಳತೆ. ರೈತರಿಗೆ ಇದು ಯಾವಾಗಲೋ ಗೊತ್ತಿತ್ತು.

ಪುಟದಲ್ಲಿ ಏನು ಬರೆಯಬೇಕು ಅಂದರೆ, ಎಲೆ ಎಷ್ಟಿದೆ, ಹೂವಿದೆಯಾ, ಕಾಯಿದೆಯಾ, ಯಾರು ಬಂದಿದ್ದರು. ಯಾರು ಅಂದರೆ ಇರುವೆ, ಅಳಿಲು, ಜೇನು, ಕೆಳಗೆ ಮಲಗಿದ ನಾಯಿ. ಯುಗಾದಿ ಹೊತ್ತಿಗೆ ನೆರಳು ಎಲ್ಲಿತನಕ ಬಂತು ಅಂತ ಹೆಜ್ಜೆಯಲ್ಲಿ ಅಳೆಯಿರಿ. ಏಪ್ರಿಲ್‌ನಲ್ಲಿ ಹೊಂಗೆ ಹೂ ಉದುರಿ, ಫುಟ್‌ಪಾತ್ ಮೇಲೆ ಯಾರೋ ಕಡ್ಲೆಪುರಿ ಚೆಲ್ಲಿದ ಹಾಗಿರುತ್ತೆ. ಅವತ್ತು ಪೆನ್ಸಿಲ್ ಬಿಟ್ಟು ಸುಮ್ನೆ ಕೂತರೂ ನಡೆಯುತ್ತೆ. ಹುಣಸೆ ಅಥವಾ ಮಳೆಮರ ಸಿಕ್ಕಿದರೆ ಒಮ್ಮೆ ಸಂಜೆ ಹೋಗಿ, ಕತ್ತಲಾಗುವಾಗ ಅದರ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುವುದು ನೋಡಿ. ಇಷ್ಟು ವರ್ಷ ಆ ಮರಗಳ ಕೆಳಗೆ ಬಸ್ಸಿಗೆ ಕಾದಿದ್ದೇವೆ, ಮೇಲೆ ನೋಡಿರಲಿಲ್ಲ.

ಇನ್ನು ನಿಮ್ಮ ಚಿತ್ರಗಳು. ಮೂರನ್ನೂ ನೋಡಿದೆ. ಕೆಟ್ಟಿರುವುದು ನಿಜ, ಸಮಾಧಾನಕ್ಕೆ ಸುಳ್ಳು ಹೇಳುವುದಿಲ್ಲ. ಆದರೆ ಕೆಟ್ಟಿರುವುದು ಮೂರಲ್ಲೂ ಒಂದೇ ಕಡೆ. ಚಾಮುಂಡಿ ಬೆಟ್ಟದ ಹಿಂದಿನ ಆಕಾಶದಲ್ಲಿ ಹೂಕೋಸಿನ ಅಂಚಿನಂಥ ಕಲೆ ಇದೆಯಲ್ಲ, ಅದು ಮೊದಲ ವಾಶ್, ಅಂದರೆ ನೀರು ಬೆರೆಸಿ ಹರಡಿದ ತೆಳು ಬಣ್ಣ, ಅರೆಬರೆ ಒಣಗಿದ್ದಾಗ ಮೇಲೆ ನೀರು ಜಾಸ್ತಿ ಇರುವ ಬ್ರಷ್ ಇಟ್ಟಿದ್ದರಿಂದ. ಪೂರ್ತಿ ಒದ್ದೆ ಇದ್ದರೆ ಬಣ್ಣ ನಯವಾಗಿ ಹರಡುತ್ತೆ. ಪೂರ್ತಿ ಒಣಗಿದ್ದರೆ ಅಂಚು ಚೊಕ್ಕವಾಗಿ ನಿಲ್ಲುತ್ತೆ. ನಡುವಿನ ಹೊತ್ತಿನಲ್ಲಿ ಕೈ ಹಾಕಿದರೆ ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿಕೊಂಡು ಹೋಗಿ ಅಂಚಿಗೆ ಗುಡ್ಡೆ ಹಾಕುತ್ತೆ. ನಿಮಗೆ ಕೈ ಸುಮ್ಮನಿರುವುದಿಲ್ಲ ಅಂತ ಕಾಣುತ್ತೆ. ಕ್ಯಾಶ್ ಕೌಂಟರ್‌ನಲ್ಲಿ ಕ್ಯೂ ಕಾಯಿಸಬಾರದು ಅಂತ ಇದ್ದ ಅಭ್ಯಾಸ ಇರಬಹುದು. ಒಂದು ಉಪಾಯ ಹೇಳುತ್ತೇನೆ. ಅಂಗೈಯ ಹಿಂಭಾಗವನ್ನು ಕಾಗದಕ್ಕೆ ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಒದ್ದೆ ಅಂತ. ಕಣ್ಣಿಗೆ ಒಣಗಿದ ಹಾಗೆ ಕಾಣುತ್ತಿರುತ್ತೆ, ಚರ್ಮಕ್ಕೆ ಮೋಸ ಆಗುವುದಿಲ್ಲ. ಮಳೆಗಾಲದಲ್ಲಿ ಇದಕ್ಕೆ ಎರಡು ಪಟ್ಟು ಹೊತ್ತು ಬೇಕಾದರೂ ಬೇಕು. ಆ ಹೊತ್ತಿಗೆ ಕಾಫಿ ಮಾಡಿಕೊಳ್ಳಿ.

ಇನ್ನೊಂದು, ನೀವು ಬಿಳಿ ಬಣ್ಣ ಹಚ್ಚುತ್ತಿದ್ದೀರಿ. ವಾಟರ್ ಕಲರ್‌ನಲ್ಲಿ ಬಿಳಿ ಅಂದರೆ ಕಾಗದವೇ. ಕೆರೆಯ ಮೇಲೆ ಬೆಳಕು ಎಲ್ಲಿ ಹೊಳೆಯುತ್ತೆ ಅಂತ ಮೊದಲೇ ನೋಡಿ ಅಲ್ಲಿ ಏನೂ ಹಚ್ಚದೆ ಬಿಟ್ಟುಬಿಡಬೇಕು. ಈ ಮಾಧ್ಯಮದಲ್ಲಿ ಏನು ಸಾಧ್ಯ ಅಂತ ಅನುಮಾನ ಬಂದರೆ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣಿನ ಚಿತ್ರ ನೆನಪಿಸಿಕೊಳ್ಳಿ. ಮೈಸೂರಿನ ಅರ್ಧ ಜನ ಅದನ್ನು ರವಿವರ್ಮನ ಆಯಿಲ್ ಪೇಂಟಿಂಗ್ ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದನ್ಕರ್, ಅದು ವಾಟರ್ ಕಲರ್.

ನಿಮಗೆ ಒಂದು ಕೆಲಸ ಹೇಳಿಕೊಡಬೇಕು ಅನ್ನಿಸುತ್ತಿದೆ. ಹುಣಸೆ ಕಡ್ಡಿಯ ಇದ್ದಿಲು. ಹಳೆಯ ಮೈಸೂರು ಶೈಲಿಯ ಚಿತ್ರಗಾರರು ಮೊದಲ ಗೆರೆ ಹಾಕುತ್ತಿದ್ದದ್ದು ಇದರಲ್ಲಿ. ನೆಟ್ಟಗಿರುವ ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಡುತ್ತಿದ್ದರು. ನಾವು ಹಾಲಿನ ಪುಡಿ ಡಬ್ಬದಲ್ಲಿ ಮಾಡಬಹುದು. ಪ್ಲಾಸ್ಟಿಕ್ ಮುಚ್ಚಳದ್ದಲ್ಲ, ತಗಡಿನ ಮುಚ್ಚಳದ್ದು. ಪೆನ್ಸಿಲ್ ದಪ್ಪದ ಒಣ ಕಡ್ಡಿ ಆರಿಸಿ, ತೊಗಟೆ ಸುಲಿದು, ಡಬ್ಬದ ಉದ್ದಕ್ಕೆ ಕತ್ತರಿಸಿ, ಅಲ್ಲಾಡದ ಹಾಗೆ ಒತ್ತಾಗಿ ತುಂಬಿ. ಮುಚ್ಚಳಕ್ಕೆ ಮೊಳೆಯಲ್ಲಿ ಒಂದೇ ಒಂದು ತೂತು. ಹಿತ್ತಿಲಲ್ಲಿ ಸೌದೆ ಒಲೆ ಇದ್ದರೆ ಅದರ ಮೇಲೆ ಇಡಿ, ಮನೆಯೊಳಗೆ ಬೇಡ, ಹೊಗೆ ಬರುತ್ತೆ. ಮೊದಲು ತೂತಿನಿಂದ ಬಿಳಿ ಹಬೆ. ಅದು ಕಡ್ಡಿಯಲ್ಲಿದ್ದ ನೀರು. ಆಮೇಲೆ ದಟ್ಟ ಹೊಗೆ, ಕೆಲವು ಸಲ ತೂತಿನ ಬಾಯಲ್ಲೇ ಸಣ್ಣ ಉರಿ ಹತ್ತಿಕೊಳ್ಳುತ್ತೆ. ಹೊಗೆ ನಿಂತ ಮೇಲೆ ಇಳಿಸಿ, ತೂತು ಮುಚ್ಚಿ ಇಡಿ.

ಮೊದಲ ಸಲ ನಾನು ತಡೆಯಲಾಗದೆ ಇಳಿಸಿದ ಹತ್ತೇ ನಿಮಿಷಕ್ಕೆ ಮುಚ್ಚಳ ತೆಗೆದೆ. ಒಳಗೆ ಕಡ್ಡಿಗಳು ಕಪ್ಪಗೆ, ನೆಟ್ಟಗೆ, ಮಿರಮಿರ ಅನ್ನುತ್ತಿದ್ದವು. ನೋಡಿ ಖುಷಿಯಾಯಿತು. ಅಷ್ಟರಲ್ಲಿ ತುದಿಗಳು ಕೆಂಪಗಾದವು. ಡಬ್ಬದೊಳಗೆ ಗಾಳಿ ಇರದೆ ಸುಮ್ಮನಿದ್ದ ಬಿಸಿ ಇದ್ದಿಲಿಗೆ ನಾನೇ ಗಾಳಿ ಕೊಟ್ಟಿದ್ದೆ. ನೋಡನೋಡುತ್ತಲೇ ಅರ್ಧಕ್ಕಿಂತ ಹೆಚ್ಚು ಬೂದಿ. ನನ್ನ ಹೆಂಡತಿ ಅದೇ ಬೂದಿಯಲ್ಲಿ ತಂಬಿಗೆ ಉಜ್ಜಿದಳು.

ಆ ಇದ್ದಿಲಿನ ಗೆರೆ ಬೆರಳಿಂದ ಒರೆಸಿದರೆ ಹೋಗುತ್ತೆ. ತಪ್ಪಾಗುತ್ತೆ ಅನ್ನುವ ಹೆದರಿಕೆ ನಿಮಗೆ ಜಾಸ್ತಿ ಇದೆ, ಅದಕ್ಕೇ ಇದನ್ನು ಹೇಳಿದ್ದು. ಅದೇ ಹಳೆಯ ಚಿತ್ರಗಾರರ ಇನ್ನೊಂದು ಕ್ರಮ ನನಗೆ ಬಹಳ ಇಷ್ಟ. ಅವರು ಬಣ್ಣ ಹಚ್ಚುವಾಗ ಮೊದಲು ಆಕಾಶ, ಬೆಟ್ಟ, ನದಿ. ಆಮೇಲೆ ಪ್ರಾಣಿ, ಮನುಷ್ಯರ ಆಕೃತಿ. ಮುಖ, ಬಟ್ಟೆ, ಒಡವೆ, ಚಿನ್ನದ ರೇಕಿನ ಕೆಲಸ ಎಲ್ಲ ಕೊನೆಗೆ. ದೇವಿಯ ಚಿತ್ರ ಅಂತ ನಾವು ನೋಡುತ್ತೇವೆ, ಆದರೆ ಅದರಲ್ಲಿ ಮೊದಲು ಬಂದು ಕೂತದ್ದು ಬೆಟ್ಟ.

ಪ್ರಕೃತಿ, ಸಾಮರಸ್ಯ ಅನ್ನುವ ಮಾತು ನಿಮ್ಮ ಪತ್ರದ ಕೊನೆಗೆ ಬಂದಿದೆ. ಅದಕ್ಕೂ ನಿಮ್ಮ ಮಂಡ್ಯ ಜಿಲ್ಲೆಯಲ್ಲೇ ಒಂದು ಊರಿದೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಚಳಿಗಾಲದಲ್ಲಿ ಬಂದು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಮನುಷ್ಯ ಮತ್ತು ಹಕ್ಕಿ ಒಟ್ಟಿಗೆ ಬಾಳುವ ಊರು ಅಂತ ಎಲ್ಲರೂ ಬರೆಯುತ್ತಾರೆ. ಬರೆಯಲಿ, ಸುಳ್ಳೇನಲ್ಲ. ಆದರೆ ಹೋಗಿ ಅರ್ಧ ದಿನ ಕೂತು ನೋಡಿ. ಮೊದಲು ಹೊಡೆಯುವುದು ವಾಸನೆ. ಮೀನು ಮತ್ತು ಹಿಕ್ಕೆಯ ವಾಸನೆ. ಅಂಗಳ, ಹೆಂಚು, ಒಣಹಾಕಿದ ಬಟ್ಟೆ ಯಾವುದಕ್ಕೂ ರಿಯಾಯಿತಿ ಇಲ್ಲ. ಗೂಡಿರುವ ಮರದಲ್ಲಿ ಹುಣಸೆ ಫಸಲು ಹಾಳಾಗುತ್ತೆ, ಅದು ಆ ಮನೆಯವರಿಗೆ ನಿಜವಾದ ನಷ್ಟ. ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಪರಿಹಾರ ಕೊಡುವ ಪದ್ಧತಿ ಬಂದದ್ದೇ ಅದಕ್ಕೆ. ಹಿಕ್ಕೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತೆ, ಅದು ಲಾಭದ ಕಡೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಅನ್ನುವ ನಂಬಿಕೆ ಹಿಂದಿನಿಂದ ಇದೆ. ಮರಿಗಳು ಗೂಡಿನಿಂದ ಬಿದ್ದರೆ ಎತ್ತಿಕೊಂಡು ಮೀನು ತಿನ್ನಿಸಿ ಸಾಕುವ ಹುಡುಗರ ಗುಂಪು ಊರಲ್ಲೇ ಬೆಳೆಯಿತು, ಹೆಜ್ಜಾರ್ಲೆ ಬಳಗ ಅಂತ.

ಇಷ್ಟೆಲ್ಲ ಸೇರಿದರೆ ಸಾಮರಸ್ಯ ಅನ್ನಬಹುದೇನೋ. ನಮ್ಮ ಡೈರಿಯಲ್ಲಿ ಬರುವ ಸಾಮರಸ್ಯಕ್ಕೆ ಮಾತ್ರ ವಾಸನೆಯೇ ಇರುವುದಿಲ್ಲ. ಹೋಗುವುದಾದರೆ ಫೆಬ್ರವರಿ–ಮಾರ್ಚ್‌ನಲ್ಲಿ ಹೋಗಿ, ಹಳೆಯ ಕೊಡೆ ತೆಗೆದುಕೊಂಡು ಹೋಗಿ. ಬಿಸಿಲಿಗಲ್ಲ.

ಹೋಗುವ ದಾರಿಯಲ್ಲಿ ಆಲೆಮನೆ ಹೊಗೆ ಕಂಡರೆ ಕಾರು ನಿಲ್ಲಿಸಿ. ಬೆಲ್ಲ ಕೊಳ್ಳುವುದಕ್ಕೆ ಅಂತ ನಿಂತರೂ ಪರವಾಗಿಲ್ಲ, ಪಾಕ ನೋಡುವವನನ್ನು ನೋಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೊದಲು ನೊರೆ ದೊಡ್ಡದು, ಸದ್ದು ಜೋರು. ಗಟ್ಟಿಯಾಗುತ್ತಾ ಬಂದ ಹಾಗೆ ಗುಳ್ಳೆ ಸಣ್ಣದಾಗಿ ಸದ್ದು ಬದಲಾಗುತ್ತೆ. ಅವನು ಆಗ ಒಂದು ಚೂರು ಪಾಕ ತೆಗೆದು ತಣ್ಣೀರಿಗೆ ಬಿಡುತ್ತಾನೆ. ನೀರೊಳಗೆ ಬೆರಳಲ್ಲಿ ಉರುಟಿಸಿ ನೋಡುತ್ತಾನೆ. ಉಂಡೆ ಕಟ್ಟಿದರೆ ಇಳಿಸುವುದೇ. ಒಂದು ಕ್ಷಣ ಮುಂಚೆ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ತಡವಾದರೆ ಬೆಲ್ಲ ಸೀಯುತ್ತೆ. ಎಷ್ಟು ಹೊತ್ತು ಕಾಯಿಸಬೇಕು ಅಂತ ನಾನು ಒಬ್ಬರನ್ನು ಕೇಳಿದ್ದೆ. 'ಪಾಕ ಬರೋಗಂಟ ಸಾ' ಅಂದರು. ನಾನು ನಕ್ಕೆ, ಅವರು ನಗಲಿಲ್ಲ. ಅವರಿಗೆ ಅದು ಪೂರ್ತಿ ಉತ್ತರವೇ.

ನಿಮ್ಮ ಕೊರತೆ ಪ್ರಶ್ನೆಗೆ ಈಗ ಬರುತ್ತೇನೆ. ಇಷ್ಟು ವರ್ಷ ಮರ ಬರೆದ ನಿಮಗೆ ಏನು ಸಿಕ್ಕಿತು ಮೇಷ್ಟ್ರೇ ಅಂತ ನೀವು ಕೇಳಿಲ್ಲ, ಕೇಳಿದರೆ ನನ್ನ ಹತ್ತಿರವೂ ದೊಡ್ಡ ಮಾತಿಲ್ಲ. ಒಂದು ಪುಟ ಇದೆ. ಹೆಂಡತಿ ತೀರಿಕೊಂಡ ವರ್ಷವೂ ನಾನು ಮನೆ ಎದುರಿನ ಹೊಂಗೆಯನ್ನು ನೋಡಿ ಬರೆಯುವ ಅಭ್ಯಾಸ ಬಿಟ್ಟಿರಲಿಲ್ಲ. ಬಿಟ್ಟಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಎರಡು ವರ್ಷದ ಮೇಲೆ ಬೀರು ತೆಗೆದಾಗ ಆ ನೋಟ್‌ಬುಕ್ ಸಿಕ್ಕಿತು. ಅವಳು ಹೋದ ನಾಲ್ಕನೇ ದಿನದ ತಾರೀಕಿನ ಕೆಳಗೆ, ನನ್ನದೇ ಅಕ್ಷರ: 'ಕೆಳಗಿನ ಕೊಂಬೆಯಲ್ಲಿ ಚಿಗುರು. ಕೆಂಜಿಗ ಹತ್ತಿವೆ. ಹಾಲಿನವನು ಸೈಕಲ್ ಒರಗಿಸಿದ್ದಾನೆ.' ಪಕ್ಕದಲ್ಲಿ ಒಂದು ಕೊಂಬೆಯ ಚಿತ್ರ, ಅದೂ ಅರ್ಧ. ಅವತ್ತು ಹೊರಗೆ ಬಂದು ಕೂತದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಮನೆ ತುಂಬ ಜನ ಇದ್ದದ್ದು, ಕಾಫಿ ಲೋಟಗಳು, ಅಷ್ಟೇ ನೆನಪು. ಆ ಪುಟವನ್ನು ತುಂಬಾ ಹೊತ್ತು ನೋಡಿದೆ. ಅದರ ಕೆಳಗೆ ಏನಾದರೂ ಬರೆಯೋಣ ಅಂತ ಪೆನ್ನು ತೆಗೆದು ಮತ್ತೆ ಇಟ್ಟೆ.

ಅದಕ್ಕೇ ನಿಮಗೂ ಹೇಳುತ್ತಿರುವುದು, ಪುಟದ ಕೆಳಗೆ ನೀತಿ ಬರೆಯಬೇಡಿ. ತಾರೀಕು ಹಾಕಿ, ಸಾಕು.

ಶ್ರವಣದ ಪುಟ ತುಂಬಿದ ಮೇಲೆ ಫೋಟೋ ತೆಗೆದು ಕಳಿಸಿ. ಬಣ್ಣದ ಚಿತ್ರ ಈಗಲೇ ಬೇಡ, ಆಕಾಶದ ತುಂಡುಗಳದ್ದು ಸಾಕು. ಹಳೆಯ ಡೈರಿ ಹರಿದು ಹಾಕಬೇಡಿ, ಅದರ ಖಾಲಿ ಪುಟಗಳಲ್ಲಿ ಬಣ್ಣ ಪರೀಕ್ಷೆ ಮಾಡಬಹುದು. ಅಂದ ಹಾಗೆ, ಇದ್ದಿಲು ಮಾಡಿದರೆ ಸಂಜೆ ಇಳಿಸಿದ ಡಬ್ಬವನ್ನು ಮಾರನೇ ದಿನ ಬೆಳಿಗ್ಗೆವರೆಗೂ ತೆಗೆಯಬೇಡಿ. ಮೊಮ್ಮಕ್ಕಳು ಇದ್ದರೆ ಅವರ ಕೈಗೆ ಎಟುಕದ ಹಾಗೆ ಇಡಿ. ನೀವೂ ಸ್ವಲ್ಪ ದೂರವೇ ಇರಿ.